ನಿಧಾನ ಆದವರನ್ನು ಬೈಯಬೇಡಿ, ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ

ಖಿನ್ನತೆ ಅಂದ ಕೂಡಲೇ ನಮ್ಮ ಕಡೆ ಜನ ಅಳು ಹುಡುಕುತ್ತಾರೆ. ಅತ್ತಿಲ್ಲ, ಬೇಜಾರು ಅಂತ ಬಾಯಿಬಿಟ್ಟಿಲ್ಲ ಅಂದರೆ ಏನೂ ಆಗಿಲ್ಲ ಅಂತ ತೀರ್ಮಾನ. ಆದರೆ ಕೆಲವರಲ್ಲಿ ಈ ಕಾಯಿಲೆ ಮೊದಲು ಕಾಣುವುದು ನಡಿಗೆಯಲ್ಲಿ, ಮಾತಿನಲ್ಲಿ, ಕೈಕೆಲಸದಲ್ಲಿ. ಮನುಷ್ಯ ಪೂರ್ತಿ ನಿಧಾನ ಆಗಿಬಿಡುತ್ತಾನೆ.

ನಮ್ಮ ಕಾಕಾನಿಗೆ ಹಾಗೇ ಆಗಿತ್ತು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ನಾಲ್ಕ ಮಂದಿಗೆ ಉಪಯೋಗ ಆಗ್ಲಿ" ಅಂದರು. ಅವರು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತರು. ತೂಕ ಕೂಗುತ್ತಿದ್ದ ಹಾಗೇ ಬರೆದುಕೊಂಡು, ದರ ಗುಣಿಸಿ, ಹಮಾಲಿ ಕಳೆದು ರೈತರ ಕೈಗೆ ಪಟ್ಟಿ ಕೊಟ್ಟುಬಿಡುತ್ತಿದ್ದರು. ಕ್ಯಾಲ್ಕುಲೇಟರ್ ಪಕ್ಕದಲ್ಲೇ ಇದ್ದರೂ ಮುಟ್ಟುತ್ತಿರಲಿಲ್ಲ. ಅಂಥವರು ಒಂದು ಸಾಲು ಬರೆದು ಪೆನ್ನು ಹಿಡಿದು ಸುಮ್ನೆ ಕೂರತೊಡಗಿದರು. ಮುಂದೆ ರೈತರು ಕಾಯುತ್ತಿದ್ದರೂ ಕೈ ಮುಂದೆ ಹೋಗುತ್ತಿರಲಿಲ್ಲ. ಏನಾದರೂ ಕೇಳಿದರೆ ಉತ್ತರ ಬರುವಷ್ಟರಲ್ಲಿ ಕೇಳಿದವರೇ ಬೇರೆ ಮಾತಿಗೆ ಹೋಗಿರುತ್ತಿದ್ದರು. ದನಿ ಸಣ್ಣದು, ಏರಿಳಿತವೇ ಇಲ್ಲ. ನಡೆಯುವಾಗ ಕೈ ಬೀಸುತ್ತಿರಲಿಲ್ಲ, ಬೆನ್ನು ಬಾಗಿತ್ತು.

ಸಾವ್ಕಾರರು "ನಿದ್ದಿ ಮಾಡಾಕ ಬರ್ತೀರೇನ್ರೀ?" ಅಂದರು. ಮನೆಗೆ ಬಂದ ಬೀಗರು ಮೈಗಳ್ಳತನ ಅಂದರು. ಊರಿನ ಒಬ್ಬ ಡಾಕ್ಟರು ನಿಶ್ಶಕ್ತಿ ಅಂತ ಸಲೈನ್ ಏರಿಸಿ, ಟಾನಿಕ್ ಬರೆದು ಕಳಿಸಿದರು. ಮನಸ್ಸು ಹೇಗಿದೆ ಅಂತ ಒಂದು ಮಾತು ಕೇಳಲಿಲ್ಲ. ನನಗೆ ಇವತ್ತಿಗೂ ಅದರ ಮೇಲೆ ಸಿಟ್ಟಿದೆ.

ಕಾಕಾನನ್ನು ಏನಾಗೇತಿ ಅಂತ ಕೇಳಿದರೆ ಬಹಳ ಹೊತ್ತಾದ ಮೇಲೆ ಒಂದೇ ಮಾತು: "ತಲಿ ಓಡವಲ್ದು."

ನಾನು ಹೇಳಬೇಕಾಗಿರುವುದು ಇಷ್ಟೇ. ಈ ಕಾಯಿಲೆ ಬಂದವರಿಗೆ ಯೋಚನೆಯೇ ಮುಂದೆ ಸಾಗುವುದಿಲ್ಲ. ಡಾಕ್ಟರ ಹತ್ತಿರ ಹೋಗಬೇಕು ಅಂತ ಅನ್ನಿಸಬೇಕು, ಯಾವ ಡಾಕ್ಟರು ಅಂತ ತಿಳೀಬೇಕು, ಎದ್ದು ಬಸ್ ಹತ್ತಬೇಕು, ಅಲ್ಲಿ ಕೂತು ತನಗೇನಾಗಿದೆ ಅಂತ ಹೇಳಬೇಕು. ಇದರಲ್ಲಿ ಒಂದೂ ಅವರ ಕೈಲಿ ಆಗುವುದಿಲ್ಲ. "ಅವರಿಗೇ ಅನ್ನಿಸಿದರೆ ಹೋಗಲಿ ಬಿಡು" ಅನ್ನುವುದು ಎಷ್ಟು ಕ್ರೂರ ಅಲ್ವಾ? ಜೊತೆಗಿರುವವರೇ ನೋಡಬೇಕು, ಜೊತೆಗಿರುವವರೇ ಕರ್ಕೊಂಡು ಹೋಗಬೇಕು.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಅನ್ನುವ ಕೈಪಿಡಿ 2013ರಲ್ಲಿ ಬಂತು. ಅದರಲ್ಲಿ ಖಿನ್ನತೆಗೆ 9 ಲಕ್ಷಣ ಕೊಟ್ಟಿದ್ದಾರೆ. ಮೈ ನಿಧಾನ ಆಗುವುದು, ಇಲ್ಲವೇ ಕೂತಲ್ಲಿ ಕೂರಲಾರದೆ ಚಡಪಡಿಸುವುದು, ಅದರಲ್ಲಿ ಒಂದು. ರೋಗಿಗೆ ಹಾಗೆ ಅನ್ನಿಸಿದರೆ ಸಾಲದು, ಬೇರೆಯವರ ಕಣ್ಣಿಗೂ ಕಾಣಬೇಕು ಅಂತ ಅಲ್ಲೇ ಬರೆದಿದೆ. ಅಂದರೆ ಇದಕ್ಕೆ ಸಾಕ್ಷಿ ಹೇಳಬೇಕಾದವರು ಮನೆಯವರು, ಜೊತೆ ಕೆಲಸ ಮಾಡುವವರು.

ಹಾಗಂತ ನಿಧಾನ ಇದ್ದವರೆಲ್ಲ ಖಿನ್ನರಲ್ಲ. 9ರಲ್ಲಿ ಕನಿಷ್ಠ 5 ಲಕ್ಷಣ ಎರಡು ವಾರ ಇರಬೇಕು. ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಎರಡರಲ್ಲಿ ಒಂದಾದರೂ ಅದರಲ್ಲಿ ಸೇರಿರಬೇಕು. ಥೈರಾಯ್ಡ್ ಕಮ್ಮಿ ಇದ್ದರೂ ಮನುಷ್ಯ ಹೀಗೇ ಮಂಕಾಗುತ್ತಾನೆ. ಪಾರ್ಕಿನ್ಸನ್ ಕಾಯಿಲೆಯಲ್ಲೂ ನಡಿಗೆ ನಿಧಾನ ಆಗುತ್ತದೆ, ಮುಖದಲ್ಲಿ ಭಾವ ಕಾಣುವುದಿಲ್ಲ. ವಯಸ್ಸಾದವರಲ್ಲಿ ಖಿನ್ನತೆಯನ್ನು ಅರಳು ಮರಳು ಅಂತ ತಿಳಿದು ಕೈಬಿಡುವುದೂ ಉಂಟು. ಯಾವುದು ಅಂತ ಹೇಳಬೇಕಾದವರು ಡಾಕ್ಟರು. ಓಣಿಯ ಕಟ್ಟೆಯ ಮೇಲೆ ಕೂತವರಲ್ಲ.

ಕೊನೆಗೆ ಮೋಟೆಬೆನ್ನೂರಿಗೆ ಹೋಗಿ ಹೈವೇ ಬಸ್ ಹಿಡಿದು ಕಾಕಾನನ್ನು ಧಾರವಾಡಕ್ಕೆ ಕರ್ಕೊಂಡು ಹೋದೆವು. ನಮ್ಮ ಕಡೆ "ಧಾರವಾಡಕ್ಕ ಕಳಸ್ರಿ ಅವನ್ನ" ಅಂದರೆ ಬೈಗುಳ. ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಯ ಹೆಸರು ಇನ್ನೂ ಹೋಗಿಲ್ಲ. ಅದೇ ಈಗ ಡಿಮ್ಹಾನ್ಸ್, ಮನಸ್ಸಿಗೂ ನರಕ್ಕೂ ಚಿಕಿತ್ಸೆ ಕೊಡುವ ಸರ್ಕಾರಿ ಸಂಸ್ಥೆ. ಅಲ್ಲಿ ಡಾಕ್ಟರು ಕಾಕಾನನ್ನು ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದರು. ಅವಸರ ಮಾಡಲಿಲ್ಲ. ಆಮೇಲೆ ಕಾಕುವಿನ ಕಡೆ ತಿರುಗಿದರು. "ಜಳಕಕ್ಕ ನೀರು ಬಿಟ್ಟಿರ್ತೀನ್ರಿ. ಬಕೀಟ್ ಮುಂದ ಕುಂತ್ರ ಕುಂತಾ ಬಿಡ್ತಾರ. ನೀರು ತಣ್ಣಗಾದ್ರೂ ಒಂದು ತಂಬಿಗಿ ಸುರ್ಕೊಂಡಿರಂಗಿಲ್ಲ. ಮುಂಜಾನೆ ಜಾಸ್ತಿ, ಸಂಜೀಕ ಸ್ವಲ್ಪ ಬೇಷ್" ಅಂದರು ಕಾಕು. ಡಾಕ್ಟರು ಅದನ್ನೇ ಬರೆದುಕೊಂಡರು. ಮುಂಜಾನೆ ಜಾಸ್ತಿ ಇರುವುದೂ ಈ ಕಾಯಿಲೆಯ ಒಂದು ಗುರುತಂತೆ. ನೀವೂ ಹೋದಾಗ ಇಂಥ ಸಣ್ಣ ಸಂಗತಿಗಳನ್ನೇ ಹೇಳಿ. "ಆರಾಮ ಇಲ್ರಿ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ರಕ್ತ ತಪಾಸಣೆಯಲ್ಲಿ ಥೈರಾಯ್ಡ್ ಸರಿಯಿತ್ತು. ಗುಳಿಗೆ ಶುರುವಾಯಿತು.

ಗುಳಿಗೆ ಕೆಲಸ ಮಾಡಲು ಕೆಲವು ವಾರ ಬೇಕು. ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲ ಅಂತ ಬಿಡಬೇಡಿ, ಗುಣ ಕಂಡಿತು ಅಂತಲೂ ನೀವಾಗಿಯೇ ನಿಲ್ಲಿಸಬೇಡಿ. ಆ ದಿನಗಳಲ್ಲಿ ಸಾವ್ಕಾರರು ಲೆಕ್ಕದ ಕೆಲಸ ಬೇರೆಯವರಿಗೆ ಕೊಟ್ಟು, ಕಾಕಾನಿಗೆ ಹಗುರ ಕೆಲಸ ಹಚ್ಚಿದರು. ಕೆಲಸದಿಂದ ತೆಗೆಯಲಿಲ್ಲ. ಅಂಗಡಿ ನಡೆಸುವ ಎಲ್ಲರೂ ಇಷ್ಟು ಮಾಡಬಹುದು.

ಇನ್ನೊಂದು ಮುಖ್ಯವಾದ ಮಾತು. ಕೆಲವರಲ್ಲಿ ಮೈಗೆ ಕಸುವು ಮೊದಲು ಬರುತ್ತದೆ, ಮನಸ್ಸು ಹಗುರಾಗುವುದು ಆಮೇಲೆ. ಆ ನಡುವಿನ ದಿನಗಳಲ್ಲಿ ಹುಷಾರಾಗಿರಬೇಕು. ಓಡಾಡುತ್ತಿದ್ದಾರಲ್ಲ ಅಂತ ಒಬ್ಬರನ್ನೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲಿದ್ದರೆ ಬೇರೆ ಕಡೆ ಸಾಗಿಸಿ, ಇಲ್ಲವೇ ಬೀಗ ಹಾಕಿ ಕೀಲಿಕೈ ಇನ್ನೊಬ್ಬರ ಹತ್ತಿರ ಇಡಿ. ಸಾಯೋ ಮಾತು ಬಂದರೆ ಅವತ್ತೇ ಆಸ್ಪತ್ರೆಗೆ ಹೊರಡಿ. ಏನು ಮಾಡಬೇಕು ಅಂತ ತಿಳಿಯದಿದ್ದರೆ ಟೆಲಿ-ಮಾನಸ್ ಸಹಾಯವಾಣಿ ಇದೆ, ನಂಬರ್ 14416. 2022ರಿಂದ ನಡೆಯುತ್ತಿದೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆ ಬಂದವರೇ ಮಾಡಬೇಕು ಅಂತೇನಿಲ್ಲ, ಮನೆಯವರು ಮಾಡಿದರೂ ನಡೆಯುತ್ತದೆ.