ಮೇಜಿನ ಎತ್ತರ ಮಸಾಜ್ ಮಾಡುವವರ ಮೈಗೆ ಹೊಂದಬೇಕು

ಸೊಂಟನೋವು, ಕುತ್ತಿಗೆಯ ಬಿಗಿತ, ಹೆಬ್ಬೆರಳಿನ ಬುಡದ ನೋವು ಇವೆಲ್ಲ ಮಸಾಜ್ ವೃತ್ತಿಗೆ ಅಂಟಿಕೊಂಡೇ ಬರುತ್ತವೆ ಎಂದು ಚಿಕಿತ್ಸಕರೇ ಒಪ್ಪಿಕೊಂಡುಬಿಡುವುದನ್ನು ನಾನು ಒಪ್ಪಲಾರೆ. ಬೆನ್ನು ಬಗ್ಗಿಸಬೇಡಿ ಎಂದು ಎಷ್ಟು ಹೇಳಿದರೂ, ಮೇಜು ತಗ್ಗಾಗಿದ್ದರೆ ಸೊಂಟದಿಂದ ಬಾಗದೆ ಬೇರೆ ದಾರಿಯಿಲ್ಲ. ಎತ್ತರವಾಗಿದ್ದರೆ ಭುಜಗಳು ಕಿವಿಯತ್ತ ಏರಿ, ಒತ್ತಡವೆಲ್ಲ ತೋಳಿನ ಬಲದಿಂದಲೇ ಬರಬೇಕಾಗುತ್ತದೆ.

ಮೇಜಿನ ಪಕ್ಕದಲ್ಲಿ ಕೈ ಇಳಿಬಿಟ್ಟು ನಿಂತಾಗ ಮುಷ್ಟಿಯ ಗೆಣ್ಣುಗಳು ಅದಕ್ಕೆ ತಾಕುವಂತಿರಲಿ ಎಂಬುದು ಒಳ್ಳೆಯ ಆರಂಭದ ಅಳತೆ. ಮಲಗಿದವರ ಮೈ ದಪ್ಪವಾಗಿದ್ದರೆ, ಅಥವಾ ಆಳವಾದ ಒತ್ತಡ ಬೇಕಿದ್ದರೆ, ಇನ್ನಷ್ಟು ತಗ್ಗಿಸಬೇಕು. ಒಂದೇ ಮೇಜನ್ನು ಹಲವರು ಬಳಸುವ ಕಡೆ ಹಿಂದಿನವರು ಬಿಟ್ಟುಹೋದ ಎತ್ತರದಲ್ಲೇ ಕೆಲಸಕ್ಕೆ ಇಳಿಯುವುದು ರೂಢಿಯಾಗಿಬಿಟ್ಟಿದೆ. ಸುಲಭವಾಗಿ ಏರಿಸಿ ಇಳಿಸಬಹುದಾದ ಮೇಜನ್ನು ಒದಗಿಸುವುದು ಮಾಲೀಕರ ಹೊಣೆ ಎಂದೇ ನಾನು ಭಾವಿಸುತ್ತೇನೆ.

ಎತ್ತರ ಸರಿಹೋದ ಮೇಲೆ ಪಾದಗಳ ಮಾತು. ಒಂದು ಕಾಲು ಮುಂದೆ, ಒಂದು ಹಿಂದೆ, ಮಂಡಿಗಳು ಸಡಿಲ, ಹೊಕ್ಕುಳು ಕೈ ಸಾಗುವ ದಿಕ್ಕಿಗೆ ಮುಖಮಾಡಿರಬೇಕು. ಆಗ ಹಿಂಗಾಲಿನಿಂದ ಹೊರಟ ದೇಹದ ಭಾರ ಒಂದೇ ಸಾಲಿನಲ್ಲಿರುವ ಭುಜ, ಮೊಣಕೈ, ಮಣಿಕಟ್ಟುಗಳ ಮೂಲಕ ಅಂಗೈಗೆ ಇಳಿಯುತ್ತದೆ. ದೂರಕ್ಕೆ ಕೈ ಚಾಚುವ ಬದಲು ಒಂದು ಹೆಜ್ಜೆ ಮುಂದಿಟ್ಟರೆ ಸೊಂಟ ತಿರುಚುವ ಪ್ರಮೇಯವೇ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಹೆಬ್ಬೆರಳಿನದು. ಹೆಬ್ಬೆರಳು ಮತ್ತು ತೋರುಬೆರಳ ತುದಿಗಳಿಂದ 1 ಕಿಲೋ ಬಲದಲ್ಲಿ ಚಿವುಟಿದಾಗ ಹೆಬ್ಬೆರಳಿನ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಒತ್ತಡ ಬೀಳುತ್ತದೆ ಎಂದು ಲೆಕ್ಕ ಹಾಕಲಾಗಿದೆ. ಹೀಗಿರುವಾಗ ಬೆನ್ನಿನ ಗಟ್ಟಿ ಸ್ನಾಯುಗಳನ್ನು ದಿನವಿಡೀ ಹೆಬ್ಬೆರಳಿನಿಂದಲೇ ಒತ್ತುವುದು ಆ ಕೀಲನ್ನು ಸವೆಸುವ ಕೆಲಸ. ಅಗಲವಾದ ಜಾಗಕ್ಕೆ ಮುಂಗೈ, ಆಳದ ಗಂಟಿಗೆ ಮೊಣಕೈ ಇರುವಾಗ ಹೆಬ್ಬೆರಳನ್ನು ಸೂಕ್ಷ್ಮ ಸ್ಪರ್ಶಕ್ಕೆ ಮಾತ್ರ ಮೀಸಲಿಡಬಹುದು. ಮಣಿಕಟ್ಟನ್ನು ಪೂರ್ತಿ ಹಿಂದಕ್ಕೆ ಬಗ್ಗಿಸಿ ಅಂಗೈಯಿಂದ ಒತ್ತುವ ಅಭ್ಯಾಸವೂ ಅಪಾಯಕಾರಿಯೇ, ಏಕೆಂದರೆ ಅಲ್ಲಿನ ಇಕ್ಕಟ್ಟಾದ ದಾರಿಯಲ್ಲಿ ಹಾದುಹೋಗುವ ಮೀಡಿಯನ್ ನರದ ಮೇಲೆ ಒತ್ತಡ ಹೆಚ್ಚುತ್ತದೆ.

ನಿಲುವು ಎಷ್ಟೇ ಚೆನ್ನಾಗಿದ್ದರೂ ಬಿಡುವಿಲ್ಲದ ಕೈ ದಣಿಯುತ್ತದೆ, ದಣಿದ ಮೈ ಮತ್ತೆ ಬಾಗುತ್ತದೆ. ಒಬ್ಬರು ಎದ್ದ ಕೂಡಲೇ ಇನ್ನೊಬ್ಬರನ್ನು ಮಲಗಿಸುವ ವೇಳಾಪಟ್ಟಿಯನ್ನು ಚಿಕಿತ್ಸಕರು ಪ್ರಶ್ನಿಸಲೇಬೇಕು. ರಾತ್ರಿ ಬೆರಳುಗಳು ಜೋಮು ಹಿಡಿಯುತ್ತಿದ್ದರೆ, ಹಿಡಿದ ವಸ್ತು ಕೈಜಾರುತ್ತಿದ್ದರೆ, ನೋವು ನಿವಾರಕ ಮಾತ್ರೆ ನುಂಗಿ ಮರುದಿನ ಅದೇ ಕೆಲಸಕ್ಕೆ ನಿಲ್ಲದೆ ವೈದ್ಯರನ್ನು ಕಾಣಬೇಕು.