ಸ್ಪಷ್ಟನೆ: ಬೆಂಗಳೂರಿಗೆ ಬಂದದ್ದು ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಅಲ್ಲ

'2002ರಲ್ಲಿ ಹಾಸನದಿಂದ ಹೋಗಿ ಬೆಂಗಳೂರಲ್ಲಿ ಪಿಂಕ್ ಫ್ಲಾಯ್ಡ್ ನೋಡಿದ್ವಿ' ಅಂತ ಒಂದು ಮೆಸೇಜ್ ನಮ್ಮೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಹೋದದ್ದು ನಿಜ ಇರಬಹುದು. ನೋಡಿದ್ದು ಮಾತ್ರ ಪಿಂಕ್ ಫ್ಲಾಯ್ಡ್ ಅಲ್ಲ.

ಆ ವರ್ಷ ಬಂದಿದ್ದವರು ಆ ಬ್ಯಾಂಡಿನಲ್ಲಿ ಹಿಂದೆ ಹಾಡುತ್ತಿದ್ದ ರೋಜರ್ ವಾಟರ್ಸ್. ಅವರು 1985ರಲ್ಲೇ ಬ್ಯಾಂಡ್ ಬಿಟ್ಟಿದ್ದರು. ಹಾಡಿದ್ದು ಹೆಚ್ಚಾಗಿ ಆ ಬ್ಯಾಂಡಿನ ಹಳೇ ಹಾಡುಗಳನ್ನೇ, ಅದಕ್ಕೇ ಈ ಗೊಂದಲ. ಆದರೆ ಗಿಟಾರ್ ಹಿಡಿದು ನಿಂತವರಲ್ಲಿ ಬ್ಯಾಂಡಿನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಇರಲಿಲ್ಲ. ಗಿಲ್ಮೋರ್ ಇಲ್ಲದೆ ಪಿಂಕ್ ಫ್ಲಾಯ್ಡ್ ಅನ್ನೋಕಾಗುತ್ತಾ? ವಾಟರ್ಸ್ ಮತ್ತೆ ಹಳೇ ಜೊತೆಗಾರರ ಪಕ್ಕ ನಿಂತದ್ದು 2005ರ ಜುಲೈ 2ರಂದು, ಲಂಡನ್‌ನ ಹೈಡ್ ಪಾರ್ಕಿನಲ್ಲಿ. ಪಿಂಕ್ ಫ್ಲಾಯ್ಡ್ ಬ್ಯಾಂಡ್ ಆಗಿ ಭಾರತದಲ್ಲಿ ಒಂದು ಶೋ ಕೂಡ ಕೊಟ್ಟಿಲ್ಲ.

ಇನ್ನು ಕೆಲವರು ಇದನ್ನು ಬೆಂಗಳೂರಲ್ಲೇ ಮಳೆ ಸುರಿದ, ರೋಲಿಂಗ್ ಸ್ಟೋನ್ಸ್ ಅನ್ನೋ ಇನ್ನೊಂದು ರಾಕ್ ಬ್ಯಾಂಡಿನ ಶೋ ಜೊತೆ ಬೆರೆಸಿದ್ದಾರೆ. ಅದು ಮರುವರ್ಷದ್ದು, 2003ರ ಏಪ್ರಿಲ್. ಮೈಯೆಲ್ಲ ಒದ್ದೆಯಾದ ನೆನಪಿದ್ದರೆ ನೀವು ನೋಡಿದ್ದು ಬಹುಶಃ ರೋಲಿಂಗ್ ಸ್ಟೋನ್ಸ್ ಹಾಡುಗಾರ ಮಿಕ್ ಜಾಗರ್ ಅವರನ್ನು!

ಮೆಸೇಜಿನ ಕೊನೆಯಲ್ಲಿ 'ಶ್ರವಣಬೆಳಗೊಳದ ಮೇಲೆ ರೈಲಲ್ಲಿ ಹೋದ್ವಿ' ಅಂತಲೂ ಇದೆ. ಆ ದಾರಿಯಲ್ಲಿ ಹಾಸನದಿಂದ ಬೆಂಗಳೂರಿಗೆ ರೈಲು ಶುರುವಾಗಿದ್ದೇ 2017ರಲ್ಲಿ. ಬಸ್ಸಲ್ಲಿ ಹೋಗಿರಬೇಕು, ಅಲ್ವಾ?