ಸ್ನೇಹ ಸಮ್ಮಿಲನಕ್ಕೆ ಎರಡು ಶಾಲು ಹೆಚ್ಚಿಗೆ ತನ್ನಿ

ನಲವತ್ತು ವರ್ಷದ ಹಿಂದಿನ ಬಿ.ಕಾಂ ಬ್ಯಾಚನ್ನು ಮಡಿಕೇರಿಯಲ್ಲಿ ಒಟ್ಟುಗೂಡಿಸುವವರು ಮೊದಲು ಒಬ್ಬ ಅಡ್ಮಿನ್‌ನನ್ನು ಹುಡುಕಿಕೊಳ್ಳಬೇಕು. ಬ್ಯಾಂಕಿನಿಂದ ನಿವೃತ್ತರಾದವರು ಸಿಕ್ಕರೆ ಅನುಕೂಲ. ನಾಲ್ಕೂವರೆಗೇ ಏಳುತ್ತಾರೆ, ಲೆಕ್ಕ ತಪ್ಪುವುದಿಲ್ಲ, ಮನೆಯಲ್ಲಿ ಅವರ ಮಾತು ಯಾರೂ ಕೇಳುವುದಿಲ್ಲ.

ವಾಟ್ಸ್ಆ್ಯಪ್ ಒಂದು ಗುಂಪಿಗೆ 1024 ಜನರಿಗೆ ಜಾಗ ಕೊಟ್ಟಿದೆ. ನಲವತ್ತು ಜನರ ಬ್ಯಾಚಿಗೆ ಅದು ಸಾಲುವುದಿಲ್ಲ. ಯಾವುದೋ ಒಂದು ಚುನಾವಣೆ ಬರುತ್ತದೆ, ಗುಂಪು ಹೋಳಾಗುತ್ತದೆ. ಹೋದವರು ‘ಬಿ.ಕಾಂ ಗೆಳೆಯರು’ ಕಟ್ಟಿಕೊಂಡರೆ, ಉಳಿದವರು ತಮ್ಮದನ್ನು ‘ಬಿ.ಕಾಂ ನಿಜವಾದ ಗೆಳೆಯರು’ ಎಂದು ತಿದ್ದುತ್ತಾರೆ. ಮೂರನೆಯದು ‘ಬಿ.ಕಾಂ - ರಾಜಕೀಯ ಬೇಡ’. ರಾಜಕೀಯದ ಹುಚ್ಚಿರುವವರು ಇದನ್ನು ಸೇರಬಹುದು.

ಹುಟ್ಟುಹಬ್ಬದ ಪಟ್ಟಿಯನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿ ಮಾಡಬೇಡಿ. ಆ ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನ ನಿರ್ಧರಿಸಿದ್ದು ಒಂದನೇ ಕ್ಲಾಸಿನ ಮೇಷ್ಟ್ರು. ಹಾಗಾಗಿ ಅರ್ಧ ಬ್ಯಾಚು ಜೂನ್ 1ರಂದೇ ಹುಟ್ಟಿರುತ್ತದೆ. ಅದೇ ಹೊತ್ತಿಗೆ ಮಳೆಯೂ ಹಿಡಿಯುತ್ತದೆ. ಮರ ಬಿದ್ದು ಕರೆಂಟ್ ಹೋದರೆ ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಸಿಗ್ನಲ್. ನಾಲ್ಕನೇ ದಿನ ಅದು ಬಂದಾಗ ಇನ್ನೂರು ಕೇಕುಗಳು ಒಟ್ಟಿಗೆ ಇಳಿಯುತ್ತವೆ, ನಡುವೆ ಒಂದು ಸಾವಿನ ಸುದ್ದಿ. ಹೆಬ್ಬೆರಳು ಅಭ್ಯಾಸಬಲದಿಂದ ಅದಕ್ಕೂ ‘ಮೆನಿ ಮೆನಿ ಹ್ಯಾಪಿ ರಿಟರ್ನ್ಸ್’ ಅಂಟಿಸುತ್ತದೆ.

ಇನ್ನು ದಿನಾಂಕ. ಕೊಡಗಿನಲ್ಲಿ ಬಿಡುವಿರುವ ತಿಂಗಳು ಯಾವುದೆಂದು ಕೇಳುವವರು ತೋಟ ನೋಡಿದವರಲ್ಲ. ಜನವರಿಯಿಂದ ರೊಬಸ್ಟಾ ಕಾಫಿ ಕೊಯ್ಲು. ಅದು ಮುಗಿಯುತ್ತಿದ್ದಂತೆ ಗಿಡ ಹೂ ಬಿಡಿಸುವ ಹೂಮಳೆಗೆ ಕಾಯಬೇಕು. ಬಾರದಿದ್ದರೆ ಸ್ಪ್ರಿಂಕ್ಲರ್, ಎರಡು ಮೂರು ವಾರ ಬಿಟ್ಟು ಕಾಯಿ ಕಟ್ಟಲು ಮತ್ತೊಮ್ಮೆ ಬ್ಯಾಕಿಂಗ್ ನೀರು. ಪಂಪಿನ ಪಕ್ಕದಿಂದ ಆಸಾಮಿ ಏಳುವುದಿಲ್ಲ. ಏಪ್ರಿಲ್, ಮೇ ಮದುವೆಗಳಿಗೆ, ಜೊತೆಗೆ 1997ರಿಂದ ನಡೆದು ಬಂದ ಕೊಡವ ಕುಟುಂಬಗಳ ಹಾಕಿಗೆ. ಆಮೇಲೆ ಮೂರು ತಿಂಗಳು ಮಳೆ. ಸೆಪ್ಟೆಂಬರಿನಲ್ಲಿ ಆಯುಧಪೂಜೆಯ ಕೈಲ್‌ಪೊಳ್ದ್, ಅಕ್ಟೋಬರಿನಲ್ಲಿ ತಲಕಾವೇರಿಯ ತುಲಾ ಸಂಕ್ರಮಣ, ಆಮೇಲೆ ಸುಗ್ಗಿಯ ಪುತ್ತರಿ, ಅಷ್ಟರಲ್ಲಿ ಅರೇಬಿಕಾ ಹಣ್ಣಾಗಿರುತ್ತದೆ. ಕೊನೆಗೆ ಬೆಂಗಳೂರಿನ ನಾಲ್ಕು ಜನ ಸಾಲು ರಜೆ ನೋಡಿ ಆಗಸ್ಟ್ 15 ಎನ್ನುತ್ತಾರೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದದ್ದನ್ನು ಕಂಡವರು ಸುಮ್ಮನಿರುತ್ತಾರೆ. ಬೆಂಗಳೂರಿನವರು ‘ಮಂಜು ಸೂಪರಾಗಿರುತ್ತೆ’ ಎಂದು ಬರೆಯುತ್ತಾರೆ.

ಬ್ಯಾನರಿನಲ್ಲಿ ವಿಶ್ವವಿದ್ಯಾಲಯದ ಹೆಸರು ಬೇಡ. ಮಂಗಳೂರು ವಿವಿ ಹುಟ್ಟಿದ್ದು 1980ರಲ್ಲಿ, ಅದಕ್ಕೂ ಮೊದಲು ನಾವೆಲ್ಲ ಮೈಸೂರಿನವರು, 2023ರಲ್ಲಿ ಕೊಡಗಿಗೆ ತನ್ನದೇ ವಿವಿ ಬಂತು. ಈ ಚರ್ಚೆಗೆ ಇಳಿದರೆ ನಾಲ್ಕನೇ ಗುಂಪು ಹುಟ್ಟುತ್ತದೆ.

ಸ್ವಪರಿಚಯಕ್ಕೆ ತಲಾ ಎರಡು ನಿಮಿಷ ಎಂದು ಬರೆದುಕೊಂಡರೂ ಒಂಬತ್ತು ಹಿಡಿದೇ ಲೆಕ್ಕ ಹಾಕಿ. ನಲವತ್ತು ಜನಕ್ಕೆ ಸರಿಯಾಗಿ ಆರು ಗಂಟೆ. ವಿಷಯ ಎಲ್ಲರದ್ದೂ ಒಂದೇ: ಯಾವ ಹುದ್ದೆಯಿಂದ ನಿವೃತ್ತಿ, ಮಗ ನ್ಯೂಜೆರ್ಸಿ, ಮಗಳು ಸಿಡ್ನಿ, ಸ್ಟೆಂಟು ಎರಡು.

ಅಷ್ಟು ಹೊತ್ತೂ ವೇದಿಕೆಯ ಮೇಲೆ ಗುರುಗಳು ಕೂತಿರುತ್ತಾರೆ. ಗುರುವಂದನೆಯ ಮೈಸೂರು ಪೇಟಕ್ಕೆ ಅಂಗಡಿಯಲ್ಲಿ ಒಂದೇ ಅಳತೆ. ಎಂಬತ್ತೈದರ ತಲೆಗೆ ಅದು ಸಡಿಲ. ಮೊದಲು ಹುಬ್ಬಿಗೆ ಇಳಿಯುತ್ತದೆ, ಆಮೇಲೆ ಕನ್ನಡಕಕ್ಕೆ. ಸರಿಮಾಡಿಕೊಳ್ಳೋಣವೆಂದರೆ ತೋಳುಗಳು ಶಾಲಿನೊಳಗೆ, ಕೈಯಲ್ಲಿ ಹಣ್ಣಿನ ಬುಟ್ಟಿ. ‘ಸರ್, ಇನ್ನೊಂದು ಫೋಟೊ’ ಎನ್ನುತ್ತದೆ ಮೈಕು. ಕತ್ತಲಲ್ಲೇ ಅವರು ನಗುತ್ತಾರೆ. ‘ನೆನಪಿದೆಯಾ ಸರ್? ಲಾಸ್ಟ್ ಬೆಂಚ್’ ಎಂದು ಯಾರೋ ಕಾಲಿಗೆ ಬಿದ್ದರೆ, ‘ಬೆಂಚು ನೆನಪಿದೆಯಪ್ಪಾ’ ಎನ್ನುತ್ತಾರೆ.

ಹಂದಿಮಾಂಸದ ಪಂದಿಕರಿಗೆ ತಲೆಗೆ 300 ಗ್ರಾಂ ಹಿಡಿಯಿರಿ. ಐವತ್ತು ತಲೆಗೆ 15 ಕೆಜಿ. ಯೂರಿಕ್ ಆ್ಯಸಿಡ್ ಇದೆ, ಬೇಡ ಎನ್ನುವವರನ್ನು ಕಳೆಯಬೇಡಿ, ಎರಡನೇ ಸಲ ಬಡಿಸಿಕೊಳ್ಳುವವರು ಅವರೇ. ಕಾಚಂಪುಳಿ ಎಂಬ ಕಪ್ಪು ಹುಳಿ ಕೊನೆಗೆ. ಅಡ್ಮಿನ್ ಅಡುಗೆಮನೆಗೆ ನುಗ್ಗಿ ಮೊದಲೇ ಸುರಿಸಿದರೆ ಮಾಂಸ ಬೇಯುವುದಿಲ್ಲವೆಂದು ಹಟ ಹಿಡಿಯುತ್ತದೆ. ಈ ಬ್ಯಾಚಿನ ಹಲ್ಲಿಗೆ ಅದು ಆಗದ ಮಾತು. ಅಕ್ಕಿತರಿಯ ಉಂಡೆ ಕಡಂಬುಟ್ಟು ತಲಾ ನಾಲ್ಕು. ರಮ್ಮಿನ ಚಿಂತೆ ಬೇಡ: ಕಾಲೇಜಿನಲ್ಲಿ ಯಾರೂ ಮಾತಾಡಿಸದಿದ್ದ ಹುಡುಗ ಸೇನೆಯಿಂದ ನಿವೃತ್ತನಾಗಿ ಕ್ಯಾಂಟೀನ್ ಕಾರ್ಡ್ ಸಮೇತ ಬಂದಿರುತ್ತಾನೆ. ಅವನೇ ಎಲ್ಲರ ಜೀವದ ಗೆಳೆಯ.

ಶಾಲು ಮಾತ್ರ ಲೆಕ್ಕಕ್ಕಿಂತ ಎರಡು ಹೆಚ್ಚಿರಲಿ. ಮರುದಿನ ಮುನ್ನೂರು ಫೋಟೊ ಗುಂಪಿಗೆ ಬೀಳುತ್ತವೆ. ‘ಎಡದಿಂದ ಏಳನೆಯವರು, ಶಾಲು ಹೊದ್ದವರು, ಯಾವ ಸಬ್ಜೆಕ್ಟಿನ ಸರ್?’ ಎಂದು ಸಿಡ್ನಿಯಿಂದ ಯಾರೋ ಕೇಳುತ್ತಾರೆ. ಮಧ್ಯಾಹ್ನದವರೆಗೆ ಉತ್ತರವಿಲ್ಲ. ಸಂಜೆ ಹೋಂಸ್ಟೇಯವರು ಅಡ್ಮಿನ್‌ಗೆ ಫೋನ್ ಮಾಡುತ್ತಾರೆ: ‘ಸಾರ್, ನಮ್ಮ ಅಡುಗೆಯವನಿಗೆ ಶಾಲು ಕೊಟ್ಟಿರಲ್ಲ, ಆ ಪೇಟ ವಾಪಸ್ ಕೊಡಬೇಕಾ, ಅವನೇ ಇಟ್ಟುಕೊಳ್ಳಬಹುದಾ?’